ಬೀಗ ಹಾಕಿದ ಬಾಡಿಗೆ ಮನೆಗೆ ನೀರಿನ ಬಿಲ್ ಎಷ್ಟು ಬರಬೇಕು?

ಗೇಟಿಗೆ ಟು-ಲೆಟ್ ಬೋರ್ಡ್ ಕಟ್ಟಿ ಎರಡು ತಿಂಗಳಾಯಿತು. ಒಳಗೆ ನರಪಿಳ್ಳೆಯೂ ಇಲ್ಲ. ಆದರೂ ಜಲಮಂಡಳಿಯ ಬಿಲ್ ಗೇಟಿನ ಸಂದಿಯಲ್ಲಿ ಸಿಕ್ಕಿಸಿದೆ. ಬೆಂಗಳೂರಿನಲ್ಲಿ ಇದು ತಪ್ಪಲ್ಲ. ಒಂದು ಹನಿ ನೀರು ಬಳಸದಿದ್ದರೂ ಕನೆಕ್ಷನ್ ಇರುವ ತನಕ ಕನಿಷ್ಠ ಶುಲ್ಕ ಬಂದೇ ಬರುತ್ತದೆ. ಬಿಲ್ ಬಂತಲ್ಲಾ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದರಲ್ಲಿರುವ ಮೊತ್ತ ಕನಿಷ್ಠವೋ ಅಲ್ಲವೋ ಎಂಬುದನ್ನು ನೋಡಬೇಕು. ಖಾಲಿ ಮನೆಯ ಬಿಲ್ ಕನಿಷ್ಠಕ್ಕಿಂತ ಒಂದು ರೂಪಾಯಿ ಹೆಚ್ಚು ಬಂದರೂ ಅದಕ್ಕೊಂದು ಕಾರಣ ಇರುತ್ತದೆ: ನೀರು ಎಲ್ಲೋ ಹೋಗುತ್ತಿದೆ, ಮೀಟರ್ ಓದದೆ ಬಿಲ್ ಹಾಕಿದ್ದಾರೆ, ಹಳೆ ಬಾಕಿ ಸೇರಿದೆ ಅಥವಾ ದಂಡ ಬಿದ್ದಿದೆ.

ಕನಿಷ್ಠ ಎಂದರೆ ಎಷ್ಟು

ಗೃಹಬಳಕೆಯ ದರ ಹಂತ ಹಂತವಾಗಿ ಏರುತ್ತದೆ. 2014ರಲ್ಲಿ ನಿಗದಿಯಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದ ದರ ಹೀಗಿತ್ತು: ಮೊದಲ 8 ಸಾವಿರ ಲೀಟರಿಗೆ ಸಾವಿರಕ್ಕೆ 7 ರೂಪಾಯಿ, 8ರಿಂದ 25 ಸಾವಿರದವರೆಗೆ 11, 25ರಿಂದ 50 ಸಾವಿರದವರೆಗೆ 26, ಅದರ ಮೇಲೆ 45. ಸಾವಿರ ಲೀಟರ್ ಎಂದರೆ ಒಂದು ಯೂನಿಟ್. ಒಂದು ಯೂನಿಟ್ಟೂ ಬಳಸದ ಮನೆಗೆ 8 ಯೂನಿಟ್‌ನ 56 ರೂಪಾಯಿ, ಮೀಟರ್ ಶುಲ್ಕ 30, ಒಳಚರಂಡಿಗೆ 14, ಒಟ್ಟು 100 ರೂಪಾಯಿ ಬರುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಎಲ್ಲ ಹಂತಗಳ ದರವೂ ಏರಿತು. ಇನ್ನು ಮುಂದೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಶೇ 3ರಷ್ಟು ಏರಿಸುವುದಾಗಿಯೂ ಮಂಡಳಿ ಆಗಲೇ ಪ್ರಕಟಿಸಿತು. ಹಾಗಾಗಿ ಈ ವರ್ಷದ ಕನಿಷ್ಠ ಮೊತ್ತವನ್ನು ನಿಮ್ಮ ಬಿಲ್ಲಿನಲ್ಲೇ ನೋಡಿಕೊಳ್ಳಿ. ದರ ಬದಲಾದರೂ ಮೆಟ್ಟಿಲುಗಳು ಅವೇ. ಕೆಳಗಿನ ಲೆಕ್ಕಗಳನ್ನು ಹಳೆ ದರದಲ್ಲೇ ಕೊಟ್ಟಿದ್ದೇವೆ, ಯಾವ ಪ್ರಮಾಣದಲ್ಲಿ ಏರುತ್ತದೆ ಎಂಬುದು ಕಂಡರೆ ಸಾಕು.

ಬಿಲ್ಲಿನಲ್ಲಿ ನೋಡಬೇಕಾದ ಸಾಲುಗಳು ಇಷ್ಟು: ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಬಳಕೆ, ಮೀಟರಿನ ಸ್ಥಿತಿ, ಹಿಂದಿನ ಬಾಕಿ ಮತ್ತು ಬಡ್ಡಿ. ಮನೆಯಲ್ಲಿ ಬೋರ್‌ವೆಲ್ ಇದ್ದರೆ ಅದರ ಒಳಚರಂಡಿ ಶುಲ್ಕ ಬೇರೆಯಾಗಿ ಇರುತ್ತದೆ. ಮನೆ ಖಾಲಿ ಎಂದು ಅದು ನಿಲ್ಲುವುದಿಲ್ಲ. ಮಳೆನೀರು ಕೊಯ್ಲಿನ ದಂಡವೂ ಹಾಗೆಯೇ. 60x40 ನಿವೇಶನದ ಹಳೆ ಮನೆಗಳಿಗೂ 30x40ರಲ್ಲಿ ಕಟ್ಟಿದ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯ. ಮಾಡಿಸದಿದ್ದರೆ ಪ್ರತಿ ತಿಂಗಳ ಬಿಲ್ಲಿಗೆ ದಂಡ ಸೇರುತ್ತದೆ. ಮನೆ ಖಾಲಿ ಇರುವ ಹೊತ್ತೇ ಆ ಕೆಲಸ ಮುಗಿಸಲು ಒಳ್ಳೆಯ ಸಮಯ, ಅಂಗಳ ಅಗೆದರೆ ಗೊಣಗಲು ಯಾರೂ ಇರುವುದಿಲ್ಲ.

ಬೀಗದ ಕೈ ವಾಪಸ್ ಬರುವ ದಿನ

ಖಾಲಿ ಮನೆಯ ಬಿಲ್ಲಿನ ತಕರಾರುಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಈ ದಿನವೇ. ನೀರಿನ ಬಾಕಿ ಅಂಟಿಕೊಳ್ಳುವುದು ಬಿಲ್ಲಿನಲ್ಲಿ ಕನೆಕ್ಷನ್ನಿನ ಗುರುತಾಗಿರುವ ಆರ್‌.ಆರ್. ನಂಬರಿಗೆ, ಅಂದರೆ ಮನೆಗೆ. ಬಾಡಿಗೆದಾರರು ಊರು ಬಿಟ್ಟು ಹೋದ ಮೇಲೆ ಜಲಮಂಡಳಿ ಅವರನ್ನು ಹುಡುಕುವುದಿಲ್ಲ, ನಿಮ್ಮ ಕನೆಕ್ಷನ್ ಕಡಿಯುತ್ತದೆ.

ಸಾಮಾನು ಲಾರಿಗೆ ಏರಿಸುವ ಮೊದಲೇ ಇಬ್ಬರೂ ಮೀಟರಿನ ಮುಂದೆ ನಿಂತು ರೀಡಿಂಗ್ ನೋಡಿ. ಕಪ್ಪು ಅಂಕಿಗಳು ಯೂನಿಟ್. ಕೆಂಪು ಅಂಕಿಗಳೂ ಸಣ್ಣ ಮುಳ್ಳುಗಳೂ ಯೂನಿಟ್‌ನ ಭಿನ್ನಾಂಶ, ಬಿಲ್ಲಿಗೆ ಅವು ಲೆಕ್ಕಕ್ಕಿಲ್ಲ. ಗಾಜು ಮಸುಕಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮೀಟರಿನ ನಂಬರೂ ಕಾಣುವಂತೆ ಫೋಟೊ ತೆಗೆದು ಅಲ್ಲಿಂದಲೇ ಅವರಿಗೆ ವಾಟ್ಸ್‌ಆ್ಯಪ್ ಮಾಡಿ. ದಿನಾಂಕ ತಾನಾಗಿ ದಾಖಲಾಗುತ್ತದೆ.

ಆಮೇಲೆ ಎರಡು ಲೆಕ್ಕ. ಮೊದಲನೆಯದು ಈಗಾಗಲೇ ಬಿಲ್ ಬಂದು ಕಟ್ಟದೆ ಉಳಿದಿರುವುದು. 'ಎಲ್ಲಾ ಕಟ್ಟಿದ್ದೀನಿ ಸಾರ್' ಎಂಬ ಮಾತನ್ನು ನಂಬುವ ಮುನ್ನ ಫೋನಿನಲ್ಲಿ ಆರ್‌.ಆರ್. ನಂಬರ್ ಹಾಕಿ ನೋಡಿ, ಬಾಕಿ ಎಷ್ಟೆಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಎರಡನೆಯದು ಇನ್ನೂ ಬಿಲ್ ಆಗದ ಬಳಕೆ. ಕೊನೆಯ ಬಿಲ್ಲಿನ ರೀಡಿಂಗ್ 412, ಇವತ್ತು ಮೀಟರಿನಲ್ಲಿ 421 ಎಂದಿಟ್ಟುಕೊಳ್ಳಿ. ಆ 9 ಯೂನಿಟ್ ಅವರದು, ಮುಂದಿನ ತಿಂಗಳ ಬಿಲ್ಲಿನಲ್ಲಿ ಬರುತ್ತದೆ. ಅಡ್ವಾನ್ಸ್ ವಾಪಸ್ ಕೊಡುವಾಗ ಅಷ್ಟನ್ನು ಹಿಡಿದುಕೊಂಡು, ಹಿಡಿದ ಲೆಕ್ಕವನ್ನೂ ಬರೆದುಕೊಡಿ. ಬಿಲ್ ಬರಲಿ ಆಮೇಲೆ ನೋಡೋಣ ಎಂದು ಇಡೀ ಅಡ್ವಾನ್ಸ್ ತಡೆಹಿಡಿಯುವುದು ಸರಿಯಲ್ಲ, ಅದರ ಅಗತ್ಯವೂ ಇಲ್ಲ.

ನೀರು ನಿಲ್ಲಿಸುವ ಕ್ರಮ

ಮನೆಯೊಳಗಿನ ನಲ್ಲಿಗಳನ್ನೆಲ್ಲ ತಿರುಗಿಸಿ ಬೀಗ ಹಾಕಿದರೆ ಮುಗಿಯಿತು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಬೆಂಗಳೂರಿನ ಮನೆಗಳಲ್ಲಿ ನೀರು ಬರುವ ದಾರಿ ನೋಡಿದರೆ ಅದು ಯಾಕೆ ಸಾಲದು ಎಂದು ತಿಳಿಯುತ್ತದೆ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಹಾದು ಬಂದ ಕಾವೇರಿ ನೀರು ಬೀದಿ ಪೈಪಿನಿಂದ ಮೀಟರಿಗೆ, ಮೀಟರಿನಿಂದ ಸಂಪಿಗೆ ಬೀಳುತ್ತದೆ. ಸಂಪಿನಿಂದ ಮೋಟಾರು ತಾರಸಿಯ ಟ್ಯಾಂಕಿಗೆ ಏರಿಸುತ್ತದೆ. ಟ್ಯಾಂಕಿನಿಂದ ನಲ್ಲಿಗಳಿಗೆ ಇಳಿಯುತ್ತದೆ. ನಲ್ಲಿಗಳು ಈ ದಾರಿಯ ಕೊನೆಯಲ್ಲಿವೆ. ಮೀಟರ್ ತಿರುಗುವುದು ಮೊದಲಲ್ಲಿ.

ಇನ್ನು ಕಮೋಡಿನ ಫ್ಲಶ್ ಟ್ಯಾಂಕು ಸದ್ದಿಲ್ಲದೆ ಸೋರುತ್ತಿದೆ ಎನ್ನಿ. ತಾರಸಿಯ ಟ್ಯಾಂಕು ಇಳಿಯುತ್ತದೆ. ಆಟೊಮ್ಯಾಟಿಕ್ ಲೆವೆಲ್ ಕಂಟ್ರೋಲರ್ ಹಾಕಿಸಿದ್ದರೆ ಅದು ತನ್ನ ಪಾಡಿಗೆ ಮೋಟಾರು ಚಾಲೂ ಮಾಡುತ್ತದೆ. ಸಂಪು ಇಳಿಯುತ್ತದೆ, ಅದರೊಳಗಿನ ತೇಲುವ ಚೆಂಡಿನ ವಾಲ್ವ್ ತೆರೆಯುತ್ತದೆ, ನೀರು ಬಿಡುವ ದಿನ ಮತ್ತೆ ತುಂಬುತ್ತದೆ. ಯಾರೂ ಇಲ್ಲದ ಮನೆಯಲ್ಲಿ ಈ ಚಕ್ರ ತಿಂಗಳುಗಟ್ಟಲೆ ನಡೆಯುತ್ತದೆ. ನೀರಿನ ಬಿಲ್ಲಿನ ಜತೆ ಕರೆಂಟು ಬಿಲ್ಲೂ ಏರುತ್ತದೆ. ಯಾವಾಗಲೋ ಸಂಪು ಬರಿದಾದ ದಿನ ಮೋಟಾರು ಒಣಗಿ ಓಡಿ ಸುಟ್ಟೂ ಹೋಗಬಹುದು.

ಹಾಗಾಗಿ ಈ ಕ್ರಮದಲ್ಲಿ ಮಾಡಿ.

1. ಮೀಟರ್ ದಾಟಿದ ಮೇಲೆ, ನಿಮ್ಮ ಕಡೆಯ ಪೈಪಿನಲ್ಲಿರುವ ವಾಲ್ವ್ ಮುಚ್ಚಿ. ಹಳೆ ಗೇಟ್ ವಾಲ್ವ್ ವರ್ಷಗಟ್ಟಲೆ ತಿರುಗಿಸದೆ ಬಿಗಿದುಕೊಂಡಿರುತ್ತದೆ, ತಿರುಗಿದರೂ ಪೂರ್ತಿ ಮುಚ್ಚುವುದಿಲ್ಲ. ಜೋರು ಮಾಡಿದರೆ ಕಡ್ಡಿ ಮುರಿಯುತ್ತದೆ. ಪ್ಲಂಬರ್ ಕರೆಸಿ ಅಲ್ಲೊಂದು ಹಿಡಿ ಇರುವ ಬಾಲ್ ವಾಲ್ವ್ ಹಾಕಿಸಿಕೊಳ್ಳಿ. ಸಾಮಾನ್ಯ ಮನೆಯ ಕನೆಕ್ಷನ್ ಅರ್ಧ ಇಂಚಿನದು, ವಾಲ್ವೂ ಅದೇ ಅಳತೆ. ಹಿಡಿ ಪೈಪಿಗೆ ಅಡ್ಡ ನಿಂತರೆ ಮುಚ್ಚಿದೆ ಎಂದು ದೂರದಿಂದಲೇ ಕಾಣುತ್ತದೆ. ಮೀಟರಿಗಿಂತ ಮೊದಲಿನ ಪೈಪಿಗಾಗಲೀ ಮೀಟರಿನ ಸೀಲಿಗಾಗಲೀ ಪ್ಲಂಬರ್ ಕೈ ಹಾಕಬಾರದು, ಅದು ಮಂಡಳಿಯ ಸೊತ್ತು.

2. ಮೇನ್ ಬೋರ್ಡಿನಲ್ಲಿ ಮೋಟಾರಿನ ಕರೆಂಟು ಕಡಿಯುವ ಸ್ವಿಚ್ಚನ್ನು (ಎಂಸಿಬಿ) ಕೆಳಗಿಳಿಸಿ. ಕಂಟ್ರೋಲರಿನ ಸ್ವಿಚ್ ಆರಿಸಿದರೆ ಸಾಕೆಂದು ಬಿಡಬೇಡಿ. ಗೀಸರ್‌ನದ್ದನ್ನೂ ಇಳಿಸಿ.

3. ತಾರಸಿಯ ಟ್ಯಾಂಕಿನಿಂದ ಕೆಳಗಿಳಿಯುವ ಪೈಪುಗಳ ವಾಲ್ವ್‌ಗಳನ್ನು ಮುಚ್ಚಿ. ಸೋಲಾರ್ ಇದ್ದರೆ ಅದಕ್ಕೆ ಹೋಗುವ ಪೈಪನ್ನು ಮಾತ್ರ ತೆರೆದಿಡಿ. ಬಿಸಿಲಿಗೆ ಅದರಲ್ಲಿ ನೀರು ಒಣಗಬಾರದು.

4. ಮಾರನೆಯ ನೀರು ಬಿಡುವ ದಿನ ಮೀಟರ್ ನೋಡಿ. ಗಾಜಿನ ನಡುವೆ ನಕ್ಷತ್ರದಂಥ ಸಣ್ಣ ಚಕ್ರ ಇರುತ್ತದೆ. ವಾಲ್ವ್ ಮುಚ್ಚಿಯೂ ಅದು ತಿರುಗುತ್ತಿದ್ದರೆ ವಾಲ್ವ್ ಹಿಡಿಯುತ್ತಿಲ್ಲ, ಇಲ್ಲವೇ ಮೀಟರಿಗೂ ವಾಲ್ವಿಗೂ ನಡುವೆ ಪೈಪು ಸೋರುತ್ತಿದೆ.

ವಾಲ್ವ್ ಮುಚ್ಚುವುದರಿಂದ ಇನ್ನೊಂದು ಲಾಭ. ದಿನ ಬಿಟ್ಟು ದಿನ ನೀರು ಬರುವ ಬೀದಿಗಳಲ್ಲಿ ಪೈಪು ಖಾಲಿಯಾಗಿ ಗಾಳಿ ತುಂಬಿಕೊಳ್ಳುತ್ತದೆ. ನೀರು ಬಿಟ್ಟೊಡನೆ ಆ ಗಾಳಿ ಮೀಟರಿನ ಮೂಲಕ ನುಗ್ಗಿ ಚಕ್ರ ತಿರುಗಿಸುತ್ತದೆ. ಆಚೆ ದಾರಿ ಮುಚ್ಚಿದ್ದರೆ ಗಾಳಿಗೂ ಹೋಗಲು ಜಾಗವಿಲ್ಲ.

ಸಂಪಿನ ವಿಷಯ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ದೊಡ್ಡ ಬಿಲ್ಲುಗಳೆಲ್ಲ ಅಲ್ಲಿಂದಲೇ ಬರುತ್ತವೆ. ಸಂಪಿನೊಳಗಿನ ವಾಲ್ವಿನ ತೇಲುವ ಚೆಂಡು ತೂತಾಗಿ ಮುಳುಗಿದರೆ ಅಥವಾ ಅದರ ವಾಷರ್ ಸವೆದರೆ ಸಂಪು ತುಂಬಿದ ಮೇಲೂ ನೀರು ನಿಲ್ಲುವುದಿಲ್ಲ. ಓವರ್‌ಫ್ಲೋ ಪೈಪು ಮೋರಿಗೆ ಸೇರಿದ್ದರೆ ಅಂಗಳ ಒದ್ದೆಯೂ ಆಗುವುದಿಲ್ಲ, ಅಕ್ಕಪಕ್ಕದವರಿಗೆ ಗೊತ್ತೂ ಆಗುವುದಿಲ್ಲ. ದಿನ ಬಿಟ್ಟು ದಿನ ನಾಲ್ಕು ಗಂಟೆ, ಗಂಟೆಗೆ ಸಾವಿರ ಲೀಟರಿನಂತೆ ಹರಿದರೂ ತಿಂಗಳಿಗೆ 60 ಯೂನಿಟ್ ಆಯಿತು. ಹಳೆ ದರದಲ್ಲಿ ಲೆಕ್ಕ ಹಾಕಿ: 56, ಅದರ ಮೇಲೆ 187, ಅದರ ಮೇಲೆ 650, ಕೊನೆಯ 10 ಯೂನಿಟ್‌ಗೆ 450. ನೀರಿಗೇ 1,343 ರೂಪಾಯಿ. ಇದರ ಕಾಲುಭಾಗ ಒಳಚರಂಡಿಗೆ ಬೇರೆ. 56 ರೂಪಾಯಿ ಇರಬೇಕಾದ ಜಾಗದಲ್ಲಿ ಇಷ್ಟು.

ಸಂಪಿನ ಗೋಡೆಯೇ ಬಿರುಕು ಬಿಟ್ಟಿದ್ದರೆ ನೀರು ನೆಲಕ್ಕೆ ಇಂಗುತ್ತದೆ, ಅದಂತೂ ಕಣ್ಣಿಗೇ ಬೀಳುವುದಿಲ್ಲ. ಪರೀಕ್ಷೆ ಸುಲಭ. ಸಂಪು ತುಂಬಿಸಿ, ವಾಲ್ವ್ ಮುಚ್ಚಿ, ಮೋಟಾರು ಆರಿಸಿ, ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಮೊಳೆಯಲ್ಲಿ ಒಂದು ಗೀರು ಎಳೆಯಿರಿ. 24 ಗಂಟೆ ಬಿಟ್ಟು ನೋಡಿ. ಎರಡೂವರೆ ಮೀಟರ್ ಉದ್ದ, ಎರಡು ಮೀಟರ್ ಅಗಲದ ಸಂಪಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ 50 ಲೀಟರ್ ಹೋಯಿತೆಂದು ಅರ್ಥ. ಮುಚ್ಚಿದ ಸಂಪಿನಲ್ಲಿ ಒಂದು ದಿನಕ್ಕೆ ಅಷ್ಟು ಆರಿಹೋಗುವುದಿಲ್ಲ, ಸೋರುತ್ತಿದೆ.

ಪರೀಕ್ಷೆ ಮುಗಿದ ಮೇಲೆ ಸಂಪನ್ನು ಪೂರ್ತಿ ಬರಿದು ಮಾಡಬೇಡಿ. ಸಿಮೆಂಟಿನ ಒಳಗಾರೆ ತಿಂಗಳುಗಟ್ಟಲೆ ಒಣಗಿದರೆ ಕೂದಲೆಳೆಯ ಬಿರುಕು ಬಿಡುತ್ತದೆ. ಒಂದಡಿಯಷ್ಟು ನೀರಿರಲಿ. ಮುಚ್ಚಳ ಮಾತ್ರ ಸಂದಿಯಿಲ್ಲದೆ ಕೂರಬೇಕು, ಓವರ್‌ಫ್ಲೋ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಬೇಕು. 2024ರಲ್ಲಿ ಡೆಂಗಿ ಹೆಚ್ಚಿದಾಗ ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ ದಂಡವನ್ನು ರಾಜ್ಯ ಸರ್ಕಾರ ಗೊತ್ತುಮಾಡಿತು. ನೀರಿನ ಬಿಲ್ ಉಳಿಸಿ ಈ ದಂಡ ಕಟ್ಟುವುದು ಬೇಡ.

ಮೀಟರ್ ಓದದೆ ಬರುವ ಬಿಲ್

ವಾಲ್ವ್ ಮುಚ್ಚಿದೆ, ಸಂಪು ಗಟ್ಟಿಯಾಗಿದೆ, ಆದರೂ ಬಿಲ್ಲಿನಲ್ಲಿ 18 ಯೂನಿಟ್! ಮೀಟರಿನ ಸ್ಥಿತಿಯ ಸಾಲಿನಲ್ಲಿ ಬಾಗಿಲು ಮುಚ್ಚಿದೆ ಎಂದು ಬಂದಿದ್ದರೆ ಕಾರಣ ಅದೇ. ಗೇಟಿಗೆ ಬೀಗ ಇದ್ದುದರಿಂದ ಮೀಟರ್ ರೀಡರ್ ಒಳಗೆ ಬರಲಾಗದೆ ಹಿಂದಿನ ತಿಂಗಳುಗಳ ಸರಾಸರಿ ಹಾಕಿದ್ದಾರೆ. ಹಿಂದಿನ ತಿಂಗಳುಗಳಲ್ಲಿ ನಾಲ್ಕು ಜನರ ಸಂಸಾರ ಇತ್ತು, ಆ ಸರಾಸರಿ ಈಗ ಖಾಲಿ ಮನೆಯ ತಲೆಗೆ ಬಂತು. ಮೀಟರ್ ಕೆಟ್ಟು ನಿಂತಿದೆ ಎಂದು ದಾಖಲಾಗಿದ್ದರೂ ಇದೇ ಗತಿ. ಖಾಲಿ ಮನೆಯ ಮೀಟರ್ ಒಂದೇ ಅಂಕಿಯಲ್ಲಿ ನಿಂತಿರುವುದು ಸಹಜ, ಅದನ್ನು ಕೆಟ್ಟಿದೆ ಎಂದು ಬರೆದುಕೊಂಡು ಹೋಗುವುದೂ ಉಂಟು.

ತಡೆಯುವುದು ಹೀಗೆ. ಮೀಟರ್ ಕಾಂಪೌಂಡಿನ ಒಳಗೆ ದೂರದಲ್ಲಿದ್ದರೆ ಗೇಟಿನ ಬೀಗದ ಕೈಯನ್ನು ಪಕ್ಕದ ಮನೆಯವರ ಬಳಿ ಇಟ್ಟು, 'ಮೀಟರ್ ನೋಡಲು ಕೀ ಪಕ್ಕದ ಮನೆಯಲ್ಲಿದೆ' ಎಂದು ಗೇಟಿನ ಮೇಲೆ ಬರೆದು ಅಂಟಿಸಿ. ಮನೆ ಖಾಲಿ ಇದೆ ಎಂದು ಬರೆಯಬೇಡಿ, ಓದುವವರೆಲ್ಲ ಮೀಟರ್ ರೀಡರ್‌ಗಳೇ ಆಗಿರುವುದಿಲ್ಲ. ಬಿಲ್ ಪ್ರತಿ ತಿಂಗಳು ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಬರುತ್ತದೆ, ಹಳೆ ಬಿಲ್ಲುಗಳ ದಿನಾಂಕ ನೋಡಿದರೆ ತಿಳಿಯುತ್ತದೆ. ಆ ದಿನ ಯಾರನ್ನಾದರೂ ಕಳುಹಿಸಿದರೆ ಇನ್ನೂ ಒಳ್ಳೆಯದು.

ಸರಾಸರಿ ಬಿಲ್ ಬಂದೇಬಿಟ್ಟಿದ್ದರೆ ಮೊದಲು ಮೀಟರಿನ ಫೋಟೊ ತೆಗೆಯಿರಿ. ಆರ್‌.ಆರ್. ನಂಬರ್, ಬಿಲ್ಲಿನ ದಿನಾಂಕ, ಬಿಲ್ಲಿನಲ್ಲಿರುವ ರೀಡಿಂಗ್, ಮೀಟರಿನಲ್ಲಿರುವ ರೀಡಿಂಗ್, ಮನೆ ಎಂದಿನಿಂದ ಖಾಲಿ ಎಂಬ ಐದು ವಿಷಯ ಬರೆದು ನಿಮ್ಮ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. 1916ಕ್ಕೆ ಫೋನ್ ಮಾಡಿಯೂ ದೂರು ದಾಖಲಿಸಬಹುದು, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲಿ ಬಗೆಹರಿಯದಿದ್ದರೆ ಮಂಡಳಿ ಆಯಾ ಉಪವಿಭಾಗಗಳಲ್ಲಿ ನಡೆಸುವ ನೀರಿನ ಅದಾಲತ್‌ಗೆ ಹೋಗಿ. ಬಿಲ್ ತಕರಾರುಗಳಿಗೆಂದೇ ಇರುವ ವೇದಿಕೆ ಅದು. ದೂರು ಕೊಟ್ಟಿದ್ದೇವೆಂದು ಬಿಲ್ ಕಟ್ಟದೆ ಕೂರುವುದು ಮಾತ್ರ ಜಾಣತನವಲ್ಲ. ಬಡ್ಡಿ ತನ್ನ ಪಾಡಿಗೆ ಬೆಳೆಯುತ್ತದೆ. ಇನ್ನೂರು ಮುನ್ನೂರರ ತಕರಾರಾದರೆ ಕಟ್ಟಿ ಆಮೇಲೆ ಹೊಂದಾಣಿಕೆ ಕೇಳಿ.

ಕಟ್ಟುವ ದಾರಿಗಳು

ಯಾವುದೇ ಯುಪಿಐ ಆ್ಯಪ್‌ನಲ್ಲಿ ನೀರಿನ ಬಿಲ್ ವಿಭಾಗಕ್ಕೆ ಹೋಗಿ, ಬೆಂಗಳೂರು ಜಲಮಂಡಳಿ ಆರಿಸಿ, ಆರ್‌.ಆರ್. ನಂಬರ್ ಹಾಕಿದರೆ ಮೊತ್ತ ಬರುತ್ತದೆ. ಹೆಸರು ಸರಿಯಿದೆಯೇ ಎಂದು ಒಮ್ಮೆ ಓದಿ, ಒಂದು ಅಂಕಿ ತಪ್ಪಿದರೂ ಇನ್ಯಾರದೋ ಬಿಲ್ ಕಟ್ಟಿರುತ್ತೀರಿ. ಮಂಡಳಿಯ ವೆಬ್‌ಸೈಟ್, ಕಿಯಾಸ್ಕ್, ಬೆಂಗಳೂರು ಒನ್ ಕೇಂದ್ರಗಳಲ್ಲೂ ಕಟ್ಟಬಹುದು.

ಹೊರ ಊರಿನಲ್ಲೋ ಹೊರದೇಶದಲ್ಲೋ ಇರುವ ಮಾಲೀಕರು ಆಟೊಪೇ ಹಾಕಿಬಿಡುವುದೇ ಸುಲಭ ಎಂದುಕೊಳ್ಳುತ್ತಾರೆ. ಹಾಕಿ, ಆದರೆ ಗರಿಷ್ಠ ಮಿತಿಯನ್ನು ಕನಿಷ್ಠ ಬಿಲ್ಲಿನ ಎರಡರಷ್ಟಕ್ಕೆ ಮಾತ್ರ ಇಡಿ. ಸೋರಿಕೆಯಾಗಿ ದೊಡ್ಡ ಬಿಲ್ ಬಂದ ತಿಂಗಳು ಪಾವತಿ ವಿಫಲವಾಗಿ ನಿಮಗೆ ಸಂದೇಶ ಬರುತ್ತದೆ. ಐದು ಸಾವಿರ ಮಿತಿ ಇಟ್ಟರೆ ಸಂಪಿನ ಲೆಕ್ಕದಲ್ಲಿ ಕಂಡಂಥ ಸಾವಿರದ ಆರುನೂರಕ್ಕೂ ಹೆಚ್ಚಿನ ಬಿಲ್ ತಿಂಗಳು ತಿಂಗಳೂ ಸದ್ದಿಲ್ಲದೆ ಕಟ್ಟಿಕೊಳ್ಳುತ್ತಲೇ ಇರುತ್ತದೆ, ಮುಂದಿನ ರಜೆಗೆ ಊರಿಗೆ ಬಂದಾಗಲೇ ಗೊತ್ತಾಗುವುದು.

ಹಣ ಖಾತೆಯಿಂದ ಹೋದರೂ ಮಂಡಳಿಯ ಲೆಕ್ಕಕ್ಕೆ ಸೇರಲು ಕೆಲವೊಮ್ಮೆ ಎರಡು ಮೂರು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಹೊಸ ಬಿಲ್ ಮುದ್ರಣವಾದರೆ ಕಟ್ಟಿದ್ದೂ ಬಾಕಿಯೆಂದು ಕಾಣುತ್ತದೆ. ಗಾಬರಿಯಾಗಿ ಎರಡನೇ ಸಲ ಕಟ್ಟಬೇಡಿ, ವಹಿವಾಟಿನ ಸಂಖ್ಯೆ ಇಟ್ಟುಕೊಂಡು ನಾಲ್ಕು ದಿನ ಬಿಟ್ಟು ಮತ್ತೆ ನೋಡಿ. 'ಇಂದು ರಾತ್ರಿ ನಿಮ್ಮ ನೀರಿನ ಸಂಪರ್ಕ ಕಡಿತ, ಈ ನಂಬರಿಗೆ ಕರೆ ಮಾಡಿ' ಎಂಬ ಸಂದೇಶಗಳೂ ಆ್ಯಪ್ ಹಾಕಿಕೊಳ್ಳಿ ಎಂದು ಕಳುಹಿಸುವ ಎಪಿಕೆ ಫೈಲುಗಳೂ ವಂಚಕರವು. ಖಾಲಿ ಮನೆಯ ಮಾಲೀಕರು ಬಿಲ್ ಕಣ್ಣಾರೆ ನೋಡಿರುವುದಿಲ್ಲವಾದ್ದರಿಂದ ಬೇಗ ಹೆದರುತ್ತಾರೆ.

ಒಂದೇ ಕನೆಕ್ಷನ್, ಮೂರು ಮನೆ

ಕೆಳಗೆ ಮಾಲೀಕರು, ಮೇಲೆ ಎರಡು ಬಾಡಿಗೆ ಮನೆ, ಎಲ್ಲಕ್ಕೂ ಒಂದೇ ಆರ್‌.ಆರ್. ನಂಬರ್. ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಇದೇ ಹೆಚ್ಚು. ಒಂದು ಮನೆ ಖಾಲಿಯಾದಾಗ ಅದರ ಪಾಲನ್ನು ಉಳಿದವರಿಗೆ ಹಂಚುವುದು ನ್ಯಾಯವಲ್ಲ. ಬಿಲ್ಲನ್ನು ಮನೆಗಳಿಂದ ಭಾಗಿಸದೆ ವಾಸವಿರುವ ತಲೆಗಳಿಂದ ಭಾಗಿಸಿದರೆ ಈ ಜಗಳವೇ ಹುಟ್ಟುವುದಿಲ್ಲ. ಖಾಲಿ ಮನೆಗೆ ಇಳಿಯುವ ಪೈಪಿನ ವಾಲ್ವ್ ಮಾತ್ರ ಮುಚ್ಚಿರಬೇಕು. ಅಪಾರ್ಟ್‌ಮೆಂಟಿನಲ್ಲಿ ಮಂಡಳಿಯ ಬಿಲ್ ಸಂಘಕ್ಕೆ ಹೋಗುತ್ತದೆ. ಫ್ಲಾಟಿಗೆ ಪ್ರತ್ಯೇಕ ಮೀಟರ್ ಇದ್ದರೆ ಬಳಸಿದ್ದಕ್ಕಷ್ಟೇ ದುಡ್ಡು, ಇಲ್ಲದಿದ್ದರೆ ನಿರ್ವಹಣಾ ಶುಲ್ಕದೊಳಗೇ ನೀರೂ ಸೇರಿರುತ್ತದೆ. ಖಾಲಿ ಎಂದು ಸಂಘಕ್ಕೆ ಪತ್ರ ಬರೆದು ರಿಯಾಯಿತಿ ಕೇಳಬಹುದು, ಕೊಡುವುದು ಅವರ ನಿಯಮಕ್ಕೆ ಬಿಟ್ಟಿದ್ದು.

ಕನೆಕ್ಷನ್ ಕೀಳಿಸಬೇಕೆ?

ಒಂದು ವರ್ಷ ಖಾಲಿ ಬಿಡುವುದಾದರೆ ಕನೆಕ್ಷನ್ ಒಪ್ಪಿಸಿಬಿಡೋಣ ಎನಿಸುತ್ತದೆ. ನಮ್ಮ ಅಭಿಪ್ರಾಯ: ಬೇಡ. ಬಾಕಿಯೆಲ್ಲ ತೀರಿಸಿ, ಅರ್ಜಿ ಕೊಟ್ಟು, ಕಡಿಸಿ, ಆಮೇಲೆ ಮತ್ತೆ ಜೋಡಿಸಲು ಶುಲ್ಕ, ರಸ್ತೆ ಅಗೆಯಬೇಕಾದರೆ ಅದರ ಅನುಮತಿ, ಓಡಾಟ. ಹನ್ನೆರಡು ತಿಂಗಳ ಕನಿಷ್ಠ ಬಿಲ್ ಇದರ ಮುಂದೆ ಸಣ್ಣದು. ಮನೆ ಕೆಡವುವುದಾದರೆ ಮಾತ್ರ ಕೆಡವುವ ಮುಂಚೆಯೇ ಉಪವಿಭಾಗಕ್ಕೆ ಅರ್ಜಿ ಕೊಡಿ. ಮೀಟರ್ ಮಣ್ಣಿನಡಿ ಹೂತುಹೋದರೂ ಲೆಕ್ಕದ ಪುಸ್ತಕದಲ್ಲಿ ಅದು ಇರುವವರೆಗೆ ಬಿಲ್ ಬೆಳೆಯುತ್ತದೆ. ಖಾಲಿ ಮನೆ ಕೊಳ್ಳುವವರೂ ಕ್ರಯಪತ್ರಕ್ಕೆ ಮುಂಚೆ ಆರ್‌.ಆರ್. ನಂಬರ್ ಕೇಳಿ ಬಾಕಿ ನೋಡಬೇಕು.

ಬೆಂಗಳೂರಿನ ಆಚೆ ವ್ಯವಸ್ಥೆ ಬೇರೆ. ಮೈಸೂರಿನಲ್ಲಿ ವಾಣಿ ವಿಲಾಸ ನೀರು ಸರಬರಾಜು ಕಚೇರಿ, ಉಳಿದ ಊರುಗಳಲ್ಲಿ ಸಾಮಾನ್ಯವಾಗಿ ನಗರಪಾಲಿಕೆ ಅಥವಾ ಪುರಸಭೆ. ಮೀಟರಿಲ್ಲದ ಕಡೆ ತಿಂಗಳಿಗಿಷ್ಟು ಎಂದು ನಿಗದಿ, ಖಾಲಿಯಾದರೂ ಅಷ್ಟೇ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ದಿನದ 24 ಗಂಟೆ ನೀರಿರುವ ವಾರ್ಡ್‌ಗಳಲ್ಲಿ ಇನ್ನೂ ಎಚ್ಚರ ಬೇಕು. ಅಲ್ಲಿ ಪೈಪಿನಲ್ಲಿ ಒತ್ತಡ ಸದಾ ಇರುತ್ತದೆ, ನಲ್ಲಿಯೊಂದು ಸೋರಿದರೂ ಅದಕ್ಕೆ ಬಿಡುವೇ ಇಲ್ಲ.

ಹೊಸಬರು ಬರುವ ಮುನ್ನ

ಎರಡು ದಿನ ಮೊದಲೇ ವಾಲ್ವ್ ತೆರೆಯಿರಿ. ಮೊದಲು ಬರುವ ನೀರು ಕೆಂಪಗೆ ಕದಡಿರುತ್ತದೆ, ಅದನ್ನು ಗಿಡಕ್ಕೆ ಬಿಡಿ. ಸಂಪು, ಟ್ಯಾಂಕು ತೊಳೆಸಿ ತುಂಬಿಸಿ, ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಬಕೆಟ್ಟಿನಲ್ಲಿ ಕದಡಿ, ತಿಳಿಯನ್ನು ಮಾತ್ರ ಸುರಿದು ಒಂದು ಗಂಟೆ ಬಿಡಿ. ಬಚ್ಚಲಿನ ಟ್ರ್ಯಾಪ್‌ಗಳಲ್ಲಿ ನೀರು ಆರಿ ನಾತ ಬರುತ್ತಿದ್ದರೆ ಒಂದೊಂದು ಚೊಂಬು ನೀರು ಹಾಕಿದರೆ ಸಾಕು. ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ನೀಲಿ ಹಾಕಿ ಕಾಲು ಗಂಟೆ ಕಾಯಿರಿ. ಕಮೋಡಿನಲ್ಲಿ ಬಣ್ಣ ಇಳಿದರೆ ಒಳಗಿನ ವಾಷರ್ ಬದಲಾಯಿಸಿ, ಇಲ್ಲದಿದ್ದರೆ ಮೊದಲ ತಿಂಗಳ ಬಿಲ್ಲಿಗೇ ಬಾಡಿಗೆದಾರರೊಂದಿಗೆ ಮಾತು ಬೆಳೆಯುತ್ತದೆ. ಇಷ್ಟಕ್ಕೆಲ್ಲ ಖರ್ಚಾದ ನೀರು ನಿಮ್ಮದೇ. ಆದ್ದರಿಂದ ಕರಾರು ಪತ್ರದಲ್ಲಿ ಬರೆಯಬೇಕಾದ ರೀಡಿಂಗ್ ತೊಳೆಯುವ ಮುಂಚಿನದಲ್ಲ, ಕೀ ಕೊಡುವ ಬೆಳಗಿನದು. ಮೀಟರಿನ ಫೋಟೊ ಮತ್ತೆ ತೆಗೆಯಿರಿ, ಈ ಸಲ ಅವರ ಫೋನಿನಲ್ಲೂ.